ಕೂಲಿ ಹುಟ್ಟದ ತಾಸುಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕೈ ಚೆನ್ನಾಗಿರುವ ಪ್ಲಂಬರ್ ಮಿಸ್ತ್ರಿಗೆ ಕೆಲಸದ ಬರ ಇಲ್ಲ. ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳ ಚಿಮಣಿಯಲ್ಲಿ ಹೊಗೆ ಏಳುವ ಹೊತ್ತಿಗೆ ಮನೆ ಕಟ್ಟುವವರ ಹಂಗಾಮೂ ಏಳುತ್ತದೆ. ಗೌಂಡಿ, ಬಡಿಗ, ಫರಸಿಯವ, ಪ್ಲಂಬರ್ ನಾಲ್ವರನ್ನೂ ಜನ ಹುಡುಕಿಕೊಂಡು ಬರುತ್ತಾರೆ. ಮಳೆ ಹಿಡಿಯುವವರೆಗೆ ಬಿಡುವಿಲ್ಲ. ಆದರೂ ಹತ್ತು–ಹದಿನೈದು ವರ್ಷ ಪಾನಾ ಹಿಡಿದವನ ಹೆಸರಿನ ಮುಂದೆ ಹಾರ್ಡ್‌ವೇರ್ ಅಂಗಡಿಯ ವಹಿಯಲ್ಲಿ ಬಾಕಿ ನಿಂತಿರುತ್ತದೆ. ಮಗಳ ಕಾಲೇಜಿನ ಫೀ ತುಂಬುವ ತಿಂಗಳು ಬಂದರೆ ಇನ್ನೊಂದು ಕೈಸಾಲ ಹುಟ್ಟುತ್ತದೆ. ದುಡಿಮೆ ಉಂಟು, ಉಳಿಕೆ ಇಲ್ಲ.

ಕಾರಣ ಕೇಳಿದರೆ ಎರಡು ಉತ್ತರ ಸಿಗುತ್ತವೆ. ‘ಕಾಂಪಿಟೇಶನ್ ಬಾಳ ಆಗೇತ್ರಿ’ ಎಂಬುದು ಒಂದು. ‘ಮಾಲಿನ ರೇಟ್ ಏರೇತ್ರಿ’ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಪಿವಿಸಿ ಪೈಪಿನ ಕಚ್ಚಾ ಮಾಲಿನ ದರ ಕಚ್ಚಾತೈಲದ ಬೆನ್ನಿಗೆ ಏರಿಳಿಯುತ್ತದೆ. ದಸರಾಕ್ಕೆ ಹೇಳಿದ ರೇಟು ಸಂಕ್ರಾಂತಿಗೆ ಉಳಿಯುವುದಿಲ್ಲ. ಆದರೆ ವಹಿ ಬಿಚ್ಚಿ ಕೂತರೆ ನಷ್ಟದ ದೊಡ್ಡ ಪಾಲು ಬೇರೆಡೆ ಕಾಣುತ್ತದೆ. ಪ್ಲಂಬರ್ ಬೆಳಿಗ್ಗೆ ಮನೆ ಬಿಟ್ಟು ಸಂಜೆ ಮನೆ ಸೇರುವವರೆಗಿನ ತಾಸುಗಳಲ್ಲಿ ಗಿರಾಕಿಯ ರೊಕ್ಕ ಹುಟ್ಟುವುದು ಕೆಲವಕ್ಕೆ ಮಾತ್ರ. ಉಳಿದ ತಾಸುಗಳಿಗೆ ಯಾರೂ ಕೂಲಿ ಕೊಡುವುದಿಲ್ಲ, ಅವನೂ ಕೇಳುವುದಿಲ್ಲ. ಈ ಕಸುಬಿನ ಲಾಭ ಇರುವುದು, ಹೋಗುವುದು ಎರಡೂ ಅಲ್ಲಿಯೇ ಎಂಬುದು ಈ ಲೇಖನದ ವಾದ.

ಮೊದಲು ಈ ಸೀಮೆಯ ನೀರಿನ ಸ್ವಭಾವ ಹೇಳಬೇಕು. ಏಕೆಂದರೆ ಇಲ್ಲಿಯ ಪ್ಲಂಬರ್‌ನ ಕೆಲಸ ಬೆಂಗಳೂರಿನ ಅಪಾರ್ಟ್‌ಮೆಂಟಿನ ಪ್ಲಂಬರ್‌ನ ಕೆಲಸದ ಹಾಗಲ್ಲ. ಪಶ್ಚಿಮಕ್ಕೆ ನಿಪ್ಪಾಣಿ ಕಡೆ ವೇದಗಂಗಾ, ದೂಧಗಂಗಾ ಹರಿಯುತ್ತವೆ. ದೂಧಗಂಗೆ ಕಲ್ಲೋಳ–ಯಡೂರಿನ ಬಳಿ ಕೃಷ್ಣೆಯನ್ನು ಕೂಡುತ್ತಾಳೆ. 2005, 2019, 2021ರ ಮಹಾಪೂರಗಳಲ್ಲಿ ಯಡೂರು, ಇಂಗಳಿ, ಮಾಂಜರಿ, ಜುಗೂಳ, ಮಂಗಾವತಿಯಂಥ ಊರುಗಳು ನೀರು ಕಂಡವು. ಅದೇ ಕೃಷ್ಣೆ ಎಪ್ರಿಲ್–ಮೇ ಹೊತ್ತಿಗೆ ಬತ್ತುತ್ತಾಳೆ; ಆಗ ಕೊಯ್ನಾ, ವಾರಣಾ ಜಲಾಶಯಗಳಿಂದ ನೀರು ಬಿಡಿಸಿ ಎಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರಕ್ಕೆ ಪತ್ರ ಬರೆಯುತ್ತದೆ. ಅಥಣಿಯ ಪೂರ್ವಕ್ಕೆ ತೆಲಸಂಗ, ಅನಂತಪುರ ಕಡೆ ಹೋದರೆ ಬೋರ್ ಆಳಕ್ಕಿಳಿದಿದೆ, ಬೇಸಿಗೆಯಲ್ಲಿ ಟ್ಯಾಂಕರ್ ಓಡುತ್ತದೆ. ಒಬ್ಬನೇ ಮಿಸ್ತ್ರಿ ಒಂದು ವಾರದಲ್ಲಿ ಹೊಸ ಮನೆಯ ಬಾತ್‌ರೂಮು ಕೂಡಿಸುತ್ತಾನೆ, ನದಿಯಿಂದ ಮೇಲಿನ ಹೊಲಕ್ಕೆ ಹೋದ ಉದ್ದದ ಪೈಪ್‌ಲೈನಿನ ಜಾಯಿಂಟ್ ಕಟ್ಟುತ್ತಾನೆ, ಬೋರಿನ ಮೋಟರ್ ಎತ್ತಲು ಕೈ ಹಚ್ಚುತ್ತಾನೆ, ಸೋಲಾರ್ ಹೀಟರಿನ ಸೋರಿಕೆ ನಿಲ್ಲಿಸುತ್ತಾನೆ.

ಇದರ ಮೇಲೆ ಸರ್ಕಾರದ ನಳ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಹಳ್ಳಿ ಹಳ್ಳಿಗೆ ಬಂತು. ಗುರಿ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಕೇಂದ್ರದ 2025ರ ಬಜೆಟ್ ಈ ಯೋಜನೆಯನ್ನು 2028ರವರೆಗೆ ವಿಸ್ತರಿಸುವುದಾಗಿ ಹೇಳಿತು. ಬಹಳ ಮಂದಿ ಪ್ಲಂಬರ್‌ಗಳು ಇದರಲ್ಲಿ ದೊಡ್ಡ ಗುತ್ತಿಗೆದಾರನ ಕೆಳಗಿನ ತುಂಡುಗುತ್ತಿಗೆಯನ್ನಷ್ಟೇ ನೋಡುತ್ತಾರೆ. ಬಿಲ್ಲು ಮೇಲಿನಿಂದ ಇಳಿದು ಬರುವವರೆಗೆ ಹೆಲ್ಪರ್‌ಗೆ ಪಗಾರ ಕೊಡಲು ಸಾಲ ಮಾಡುತ್ತಾರೆ. ನಿಜವಾದ ವ್ಯಾಪಾರ ಇರುವುದು ನಳ ಅಂಗಳಕ್ಕೆ ಬಂದ ಮೇಲೆ. ಅಂಗಳದ ನಳದಿಂದ ಅಡಿಗೆಮನೆಗೆ ಪೈಪು ಬೇಕು, ನೆಲದಲ್ಲಿ ಸಂಪು ಬೇಕು, ಮಾಳಿಗೆಯ ಮೇಲೆ ಟಾಕಿ ಬೇಕು, ಟಾಕಿ ತುಂಬಿದರೆ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಬೇಕು. ಇದಕ್ಕೆಲ್ಲ ಮನೆಯವರು ತಮ್ಮ ರೊಕ್ಕ ಕೊಡುತ್ತಾರೆ, ಬೇಗ ಕೊಡುತ್ತಾರೆ.

ಈಗ ತಾಸಿನ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಒಬ್ಬ ಮಿಸ್ತ್ರಿ, ಒಬ್ಬ ಹೆಲ್ಪರ್ ಎಂದು ಇಟ್ಟುಕೊಳ್ಳಿ. ತಿಂಗಳಿಗೆ 25 ದಿನ ಕೆಲಸ. ಮಿಸ್ತ್ರಿ ತನ್ನ ಮನೆಗೆ 25,000 ರೂಪಾಯಿ ಪಗಾರ ಒಯ್ಯಬೇಕು. ಹೆಲ್ಪರ್‌ಗೆ ದಿನಕ್ಕೆ 600ರಂತೆ 15,000. ಪೆಟ್ರೋಲು, ಬೈಕಿನ ಸವಕಳಿ 4,500. ಮೊಬೈಲು 500. ಡ್ರಿಲ್, ಕಟರ್, ರೆಂಚುಗಳ ಸವಕಳಿಗೆ 2,000. ಸಾಮಾನು ಇಡುವ ಕೋಣೆಯ ಬಾಡಿಗೆ 3,000. ಕೆಟ್ಟ ಕೆಲಸವನ್ನು ಮತ್ತೆ ಮಾಡಿಕೊಡುವ ಖರ್ಚು 2,000. ಒಟ್ಟು 52,000. ಅಂಕಿಗಳು ನಾನು ಲೆಕ್ಕ ತೋರಿಸಲು ಹಿಡಿದವು. ನಿಪ್ಪಾಣಿಯವನು ತನ್ನದು ಬರೆದುಕೊಳ್ಳಲಿ, ತೆಲಸಂಗದವನು ತನ್ನದು.

ದಿನಕ್ಕೆ ಎಂಟು ತಾಸಿನಂತೆ ತಿಂಗಳಿಗೆ 200 ತಾಸು. 52,000ವನ್ನು 200ರಿಂದ ಭಾಗಿಸಿದರೆ ತಾಸಿಗೆ 260 ರೂಪಾಯಿ. ಹೆಚ್ಚಿನವರು ಬಾಯಿಲೆಕ್ಕದಲ್ಲಿ ಕೇಳುವ ಕೂಲಿ ಇದರ ಆಸುಪಾಸಿನದೇ, ಬಾತ್‌ರೂಮಿಗೆ ಇಷ್ಟು, ಪಾಯಿಂಟಿಗೆ ಇಷ್ಟು ಎಂದು ಹೇಳಿದರೂ. ಆದರೆ ಎಂಟೂ ತಾಸು ಕೈಯಲ್ಲಿ ಪಾನಾ ಇರುತ್ತದೆಯೇ? ಬೆಳಿಗ್ಗೆ ಅಂಗಡಿಯಲ್ಲಿ ನಿಂತು ಮಾಲು ಎತ್ತುವುದು, ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗುವುದು, ಗೌಂಡಿ ಇನ್ನೂ ಗೋಡೆ ಒಡೆದಿಲ್ಲವೆಂದು ಕಾಯುವುದು, ಒಂದು ರಿಡ್ಯೂಸರ್ ಕಡಿಮೆ ಬಿತ್ತೆಂದು ಮತ್ತೆ ಪೇಟೆಗೆ ಓಡುವುದು, ಹಳೆಯ ಬಾಕಿ ಕೇಳಲು ಹೋಗುವುದು. ಇವನ್ನೆಲ್ಲ ಕಳೆದರೆ ಐದು ತಾಸು ಉಳಿದರೆ ಹೆಚ್ಚು. ಅಂದರೆ ತಿಂಗಳಿಗೆ 125 ತಾಸು. 52,000ವನ್ನು 125ರಿಂದ ಭಾಗಿಸಿದರೆ 416 ರೂಪಾಯಿ.

260ರ ದರದಲ್ಲಿ 125 ತಾಸು ದುಡಿದವನಿಗೆ ಬರುವುದು 32,500. ಹೆಲ್ಪರ್, ಪೆಟ್ರೋಲು, ಬಾಡಿಗೆ ಎಲ್ಲ ಸೇರಿ 27,000 ಹೋಗುತ್ತದೆ. ಮಿಸ್ತ್ರಿಯ ಕೈಯಲ್ಲಿ ಉಳಿಯುವುದು 5,500. ಹೆಲ್ಪರ್ 15,000 ಒಯ್ದ ತಿಂಗಳಲ್ಲಿ ಧಣಿ ಒಯ್ದದ್ದು ಐದೂವರೆ ಸಾವಿರ. ತಿಂಗಳಿಡೀ ಓಡಾಡಿಯೂ ಕೈಸಾಲ ಏಕೆ ಆಯಿತು ಎಂಬುದಕ್ಕೆ ಈ ಒಂದು ಭಾಗಾಕಾರ ಉತ್ತರ ಹೇಳುತ್ತದೆ.

416 ರೂಪಾಯಿ ಖರ್ಚು ತೂಗಿಸುವ ದರ, ಲಾಭ ಅದರಲ್ಲಿ ಇನ್ನೂ ಇಲ್ಲ. ನೂರಕ್ಕೆ ಇಪ್ಪತ್ತು ಸೇರಿಸಿದರೆ ಸುಮಾರು 500. ಈಗ ದರವನ್ನು 500ಕ್ಕೇ ಇಟ್ಟು, ದಿನಕ್ಕೆ ಐದರ ಬದಲು ಆರು ತಾಸು ಕೆಲಸ ಹುಟ್ಟಿಸಿದರೆ ತಿಂಗಳಿಗೆ 25 ತಾಸು, 12,500 ರೂಪಾಯಿ ಹೆಚ್ಚು ಬರುತ್ತದೆ. ಹೊಸ ಗಿರಾಕಿ ಬೇಕಿಲ್ಲ, ಜಾಹೀರಾತು ಬೇಕಿಲ್ಲ. ಹಾಳಾಗುತ್ತಿದ್ದ ಒಂದು ತಾಸು ಉಳಿಸಿಕೊಂಡರೆ ಸಾಕು.

ಈ ಲೆಕ್ಕ ನಮ್ಮಲ್ಲಿಯೇ ಮೊದಲು ಹುಟ್ಟಿದ್ದೇನಲ್ಲ. ಅಮೆರಿಕದ ಮಿಲ್ವಾಕಿ ನಗರದಲ್ಲಿ ಫ್ರಾಂಕ್ ಬ್ಲಾವ್ ಎಂಬ ಪ್ಲಂಬಿಂಗ್ ಗುತ್ತಿಗೆದಾರರಿದ್ದರು. ನಿಮ್ಮ ಒಂದು ತಾಸಿಗೆ ನಿಮಗೆ ಬೀಳುವ ಖರ್ಚು ಎಷ್ಟು ಎಂಬುದನ್ನು ತಿಳಿಯದೆ ರೇಟ್ ಹೇಳಬೇಡಿ ಎಂದು ಅವರು ತಮ್ಮ ಕಸುಬಿನವರಿಗೆ ಬರೆದು, ಊರೂರು ತಿರುಗಿ ಹೇಳಿದರು. ಅಕ್ಕಪಕ್ಕದವನು ಎಷ್ಟು ಕೇಳುತ್ತಾನೋ ಅದಕ್ಕಿಂತ ನೂರು ಕಡಿಮೆ ಎನ್ನುವ ಚಾಳಿ ಅಲ್ಲಿಯೂ ಇತ್ತು. ಅಕ್ಕಪಕ್ಕದವನೂ ಲೆಕ್ಕ ಹಾಕಿರುವುದಿಲ್ಲ ಎಂಬುದೇ ಅದರ ಅಪಾಯ.

ಹಾಳಾಗುವ ತಾಸನ್ನು ಹಿಡಿಯುವುದು ಹೇಗೆ? ಮೊದಲನೆಯದು ಪೆಟ್ಟಿಗೆ. ಅರ್ಧ ಇಂಚು, ಮುಕ್ಕಾಲು ಇಂಚು, ಒಂದು ಇಂಚಿನ ಎಲ್ಬೋ, ಟೀ, ಕಪ್ಲಿಂಗ್, ಎಂಡ್ ಕ್ಯಾಪ್, ಎರಡು ಬಾಲ್ ವಾಲ್ವ್, ಎರಡು ಆಂಗಲ್ ಕಾಕ್, ಒಂದು ಫ್ಲೋಟ್ ವಾಲ್ವ್, ಕನೆಕ್ಷನ್ ಪೈಪು, ಟೆಫ್ಲಾನ್ ಟೇಪು, ಸೊಲ್ಯೂಷನ್ ಡಬ್ಬಿ. ಇವು ಬೈಕಿನ ಹಿಂದೆ ಯಾವಾಗಲೂ ಇದ್ದರೆ ರಿಪೇರಿ ಕೆಲಸದಲ್ಲಿ ಪೇಟೆಗೆ ಮತ್ತೆ ಓಡುವುದು ಬಹುಪಾಲು ನಿಲ್ಲುತ್ತದೆ. ಹಳ್ಳಿಯಿಂದ ಚಿಕ್ಕೋಡಿಗೋ ಕುಡಚಿಗೋ ಹೋಗಿ ಬರುವ ಒಂದು ತಾಸಿಗೆ 416 ರೂಪಾಯಿ ಬಿದ್ದಿದೆ ಎಂದು ಗೊತ್ತಿದ್ದವನು ನಲವತ್ತು ರೂಪಾಯಿಯ ಟೀ ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳಲು ಹಿಂಜರಿಯುವುದಿಲ್ಲ. ದೊಡ್ಡ ಖರೀದಿಗೆ ಕಾಗವಾಡದವರು ಮಿರಜಕ್ಕೆ, ನಿಪ್ಪಾಣಿಯವರು 40 ಕಿಲೋಮೀಟರ್ ಆಚೆಯ ಕೊಲ್ಲಾಪುರಕ್ಕೆ ಹೋಗುವುದು ವಾಡಿಕೆ. ಅಲ್ಲಿ ನೂರಕ್ಕೆ ಮೂರೋ ನಾಲ್ಕೋ ಅಗ್ಗ ಸಿಕ್ಕರೂ, ಅರ್ಧ ದಿನದ ಕೂಲಿಯನ್ನು ಆ ಲೆಕ್ಕದಲ್ಲಿ ಸೇರಿಸಿದ ಮೇಲೆ ಎಷ್ಟು ಉಳಿಯಿತು ಎಂದು ನೋಡಬೇಕು. ಇಡೀ ಮನೆಯ ಮಾಲಿಗೆ ಹೋಗಿ ಬರುವುದು ಸರಿ. ಎರಡು ಬಾತ್‌ರೂಮಿನ ಮಾಲಿಗೆ ಊರಿನ ಅಂಗಡಿಯೇ ಅಗ್ಗ.

ಎರಡನೆಯದು ‘ಒಂದ್ಸಲ ಬಂದ್ ನೋಡ್ಕೊಂಡ್ ಹೋಗ್ರಿ’ ಎಂಬ ಕರೆ. ನೋಡಲು ಹೋಗುವುದು ಕೆಲಸದ ಭಾಗ, ಅದಕ್ಕೆ ದರ ಇರಬೇಕು. ಭೇಟಿಗೆ ಇಷ್ಟು, ಕೆಲಸ ನನಗೇ ಕೊಟ್ಟರೆ ಬಿಲ್ಲಿನಲ್ಲಿ ಅದನ್ನು ಮುರಿದುಕೊಳ್ಳುತ್ತೇನೆ ಎಂದು ಫೋನಿನಲ್ಲಿಯೇ ಹೇಳಿದರೆ ಯಾರಿಗೂ ಬೇಸರವಾಗುವುದಿಲ್ಲ. ಕರೆದವರ ಕಡೆಯಿಂದ ಸೋರುವ ಜಾಗದ ವಿಡಿಯೊ ತರಿಸಿಕೊಂಡರೆ ಅರ್ಧ ಸಾಮಾನು ಮನೆಯಿಂದಲೇ ತೆಗೆದುಕೊಂಡು ಹೋಗಬಹುದು. ಮೂರನೆಯದು ಗೌಂಡಿಯೊಂದಿಗಿನ ಹೊಂದಾಣಿಕೆ: ಗೋಡೆ ಒಡೆದ ದಿನ ನೀನೇ ಫೋನ್ ಮಾಡು, ಅಲ್ಲಿಯವರೆಗೆ ನಾನು ಬರುವುದಿಲ್ಲ.

ಚೌಕಾಸಿಯ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹತ್ತು ಸಾವಿರದ ಕೆಲಸಕ್ಕೆ ಎಂಟೂವರೆ ಸಾವಿರ ಖರ್ಚು ಬಿದ್ದರೆ ಲಾಭ ಒಂದೂವರೆ ಸಾವಿರ. ‘ಹೋಗಲಿ, ಒಂದ್ ಸಾವಿರ ಬಿಡು’ ಎಂದಾಗ ಬಿಟ್ಟುಕೊಟ್ಟದ್ದು ಹತ್ತರಲ್ಲಿ ಒಂದು ಪಾಲು ಎಂದು ತೋರುತ್ತದೆ. ನಿಜಕ್ಕೂ ಹೋದದ್ದು ಲಾಭದ ಮೂರರಲ್ಲಿ ಎರಡು ಪಾಲು. ದರ ಇಳಿಸಲೇಬೇಕಾದರೆ ಕೆಲಸವನ್ನೂ ಇಳಿಸಬೇಕು: ದುಬಾರಿ ಷವರ್ ಬದಲು ಸಾದಾ ಷವರ್, ಎರಡನೆಯ ಗೀಸರ್ ಪಾಯಿಂಟ್ ಆಮೇಲೆ.

ಕಮಿಷನ್ ವಿಷಯ ಸೂಕ್ಷ್ಮ, ಆದರೆ ಹೇಳದೆ ಬಿಡುವಂತಿಲ್ಲ. ಗಿರಾಕಿಯನ್ನು ಅಂಗಡಿಗೆ ಕರೆದುಕೊಂಡು ಹೋದ ಪ್ಲಂಬರ್‌ಗೆ ಅಂಗಡಿಯವರು ಬಿಲ್ಲಿನ ಮೇಲೆ ನೂರಕ್ಕೆ ಇಷ್ಟೆಂದು ಕೊಡುತ್ತಾರೆ. ಕಂಪನಿಗಳು ಡಬ್ಬಿಯೊಳಗಿನ ಕೂಪನ್ ಸ್ಕ್ಯಾನ್ ಮಾಡಿದರೆ ಅಂಕ ಕೊಡುತ್ತವೆ. ಕೂಲಿ ಸಾಲದೆ ಬಿದ್ದ ಕೊರತೆಯನ್ನು ಬಹಳ ಮಂದಿ ಇದರಿಂದ ತುಂಬಿಕೊಳ್ಳುತ್ತಾರೆ. ತಪ್ಪೆಂದು ಅವರನ್ನು ದೂರುವುದು ನನಗೆ ಸರಿಯೆನಿಸುವುದಿಲ್ಲ. ನ್ಯಾಯವಾದ ಕೂಲಿ ಸಿಗದಿದ್ದರೆ ಮನುಷ್ಯ ಇನ್ನೊಂದು ದಾರಿ ಹುಡುಕುತ್ತಾನೆ. ಆದರೆ ಈ ದಾರಿಯಿಂದ ಕಸುಬಿಗೆ ಎರಡು ಪೆಟ್ಟು ಬಿದ್ದಿವೆ. ಗಿರಾಕಿ ಈಗ ಪ್ಲಂಬರ್ ಹೇಳಿದ ಪ್ರತಿ ಸಾಮಾನನ್ನೂ ಅನುಮಾನದಿಂದ ನೋಡುತ್ತಾನೆ. ಅದಕ್ಕಿಂತ ದೊಡ್ಡ ಪೆಟ್ಟು, ಕೂಲಿಯ ನಿಜ ಬೆಲೆ ಯಾರ ಕಣ್ಣಿಗೂ ಬೀಳದಂತಾಗಿದೆ. ‘ಅವಂಗ ಅಂಗಡ್ಯಾಗ ಸಿಗತೈತಿ ಬಿಡು’ ಎಂದು ಮನೆಯವರು ಕೂಲಿ ಕಡಿಮೆ ಮಾಡುತ್ತಾರೆ. ಬಿಲ್ಲಿನಲ್ಲಿ ಮಾಲು ಒಂದು ಸಾಲು, ಮಾಲು ತಂದುಕೊಡುವ ಮತ್ತು ಅದರ ಹೊಣೆ ಹೊರುವ ಶುಲ್ಕ ಒಂದು ಸಾಲು, ಮಜೂರಿ ಒಂದು ಸಾಲು ಎಂದು ಬಿಡಿಬಿಡಿಯಾಗಿ ಬರೆದುಕೊಟ್ಟರೆ ಅದೇ ರೊಕ್ಕ ತಲೆಯೆತ್ತಿ ಪಡೆಯಬಹುದು.

ಇನ್ನು ಉದ್ರಿ. ಈ ಸೀಮೆಯ ಉದ್ರಿಯ ಮೂಲ ಕಬ್ಬಿನ ಬಿಲ್ಲು. ಕಾರ್ಖಾನೆಗೆ ಕಬ್ಬು ಹೋಗಿ ಹದಿನಾಲ್ಕು ದಿನಗಳಲ್ಲಿ ರೈತನಿಗೆ ಹಣ ಸೇರಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರೈತರು ರಸ್ತೆಗಿಳಿಯುವುದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ರೈತನ ಬಿಲ್ಲು ತಡವಾದರೆ ಗೌಂಡಿಯ ಪಗಾರ ತಡ, ಪ್ಲಂಬರ್‌ನ ಪಗಾರ ಇನ್ನೂ ತಡ, ಏಕೆಂದರೆ ಅವನ ಕೆಲಸ ಮುಗಿಯುವುದೇ ಮನೆಯ ಕೊನೆಯಲ್ಲಿ, ಮನೆಯವರ ಚೀಲ ಬರಿದಾದಾಗ. ಮಾತುಕತೆ ಹೀಗೆ ನಡೆಯುತ್ತದೆ:

‘ಬಿಲ್ ಬರ್ಲಿ ತಡಿಯೋ ತಮ್ಮಾ, ನಾ ಎಲ್ಲಿ ಓಡಿ ಹೋಗ್ತೀನಿ?’

‘ಹಂಗಲ್ರಿ ಕಾಕಾ, ಅಂಗಡ್ಯಾವ ದಿನಾ ಫೋನ್ ಹಚ್ಚಾಕತ್ತಾನ್ರಿ.’

‘ಅವಂಗ ನನ್ ಹೆಸರ್ ಹೇಳು.’

ಇಬ್ಬರಲ್ಲಿಯೂ ಮೋಸವಿಲ್ಲ. ಕಾಕಾ ಒಂದು ದಿನ ಕೊಟ್ಟೇ ಕೊಡುತ್ತಾರೆ. ಅಷ್ಟರೊಳಗೆ ಒಂದು ಲಕ್ಷದ ಮಾಲಿನ ಮೇಲೆ ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ ಬಿದ್ದರೆ ಆರು ತಿಂಗಳಿಗೆ 12,000 ಹೋಗಿರುತ್ತದೆ. ಆ ಮನೆಯ ಕೆಲಸದಲ್ಲಿ ಉಳಿಯಬೇಕಿದ್ದುದೇ ಅಷ್ಟು.

ಇದಕ್ಕೆ ಮುಖ ಮುರಿಯುವ ಮಾತು ಬೇಕಿಲ್ಲ, ಕಂತಿನ ಕಟ್ಟು ಬೇಕು. ಮಾಲಿನ ಬಿಲ್ಲನ್ನು ಮನೆಯವರೇ ನೇರ ಅಂಗಡಿಗೆ ಕಟ್ಟಲಿ. ಪ್ಲಂಬರ್ ತನ್ನ ಹೆಸರಿನಲ್ಲಿ ಉದ್ರಿ ತರಬಾರದು. ಮಜೂರಿಯನ್ನು ನಾಲ್ಕು ಕಂತು ಮಾಡಬೇಕು: ಕೆಲಸ ಹಿಡಿದಾಗ ಒಂದು, ಗೋಡೆಯೊಳಗಿನ ಪೈಪು ಮುಗಿದು ಗಿಲಾವು ಬೀಳುವ ಮೊದಲು ಒಂದು, ಫರಸಿಗೆ ಮುಂಚೆ ಒಂದು, ನಳ ಕೂಡಿಸಿ ನೀರು ಬಿಟ್ಟ ದಿನ ಕೊನೆಯದು. ಎರಡನೆಯ ಕಂತೇ ಇದರಲ್ಲಿ ಮುಖ್ಯ. ಗಿಲಾವು ಬಿದ್ದ ಮೇಲೆ ಪ್ಲಂಬರ್‌ನ ದುಡಿಮೆ ಗೋಡೆಯೊಳಗೆ ಮುಚ್ಚಿಹೋಗುತ್ತದೆ, ಅವನ ಮಾತಿನ ತೂಕವೂ ಇಳಿಯುತ್ತದೆ. ಹೀಗಾದರೆ ಗೃಹಪ್ರವೇಶದ ದಿನ ಬಾಕಿ ಇರುವುದು ನಾಲ್ಕನೆಯ ಒಂದು ಪಾಲು ಮಾತ್ರ. ಅದಕ್ಕೆ ಕಬ್ಬಿನ ಬಿಲ್ಲಿನವರೆಗೆ ಕಾಯಬಹುದು, ಸಂಬಂಧವೂ ಉಳಿಯುತ್ತದೆ.

ಕಾರ್ಖಾನೆ, ಆಸ್ಪತ್ರೆ, ಬಿಲ್ಡರ್, ದೊಡ್ಡ ಗುತ್ತಿಗೆದಾರರಂಥ ವ್ಯಾಪಾರಿ ಗಿರಾಕಿಗಳ ಮಾತು ಬೇರೆ. ಅಲ್ಲಿ ಕಾನೂನಿನ ಆಸರೆ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ 45 ದಿನಗಳೊಳಗೆ ಹಣ ಕೊಡಬೇಕು; ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ‘ಉದ್ಯಮ್’ ನೋಂದಣಿ 2020ರ ಜುಲೈನಿಂದ ಆನ್‌ಲೈನ್‌ನಲ್ಲಿ ಉಚಿತ. ಗಡುವಿನೊಳಗೆ ಕೊಡದ ಮೊತ್ತವನ್ನು ಕೊಡುವವನು ಆ ವರ್ಷದ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮ 2024ರ ಎಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ, ಮಾರ್ಚ್ ಹತ್ತಿರವಾದಂತೆ ದೊಡ್ಡವರೇ ಬಾಕಿ ತೀರಿಸುವ ಅವಸರ ತೋರಿಸುತ್ತಾರೆ. ಒಂದು ಎಚ್ಚರ: ಮಾಲು, ಕೂಲಿ ಎಲ್ಲ ಸೇರಿದ ಪೂರ್ಣ ಗುತ್ತಿಗೆ ಈ ಕಾಯ್ದೆಯೊಳಗೆ ಬರುವುದಿಲ್ಲ ಎಂದು ಹೈಕೋರ್ಟಿನ ತೀರ್ಪುಗಳಿವೆ. ಮಜೂರಿಯ ಬಿಲ್ಲನ್ನು ಬೇರೆಯಾಗಿ ಬರೆಯಲು ಇದು ಇನ್ನೊಂದು ಕಾರಣ.

ಒಮ್ಮೆ ಮಾಡಿದ ಕೆಲಸವನ್ನು ಮತ್ತೆ ಮಾಡಿಕೊಡುವ ತಾಸು ಎಲ್ಲಕ್ಕಿಂತ ದುಬಾರಿ. ಅದಕ್ಕೆ ಕೂಲಿ ಇಲ್ಲ, ಮೇಲೆ ಫರಸಿ ಒಡೆದ ದಂಡ. ನಮ್ಮ ನೆಲ ಇದಕ್ಕೆ ಅರ್ಧ ಕಾರಣ. ಕೃಷ್ಣಾ ತೀರದ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬರಿ ಮಣ್ಣಿನಲ್ಲಿ ಹೂತ ಪೈಪಿನ ಜಾಯಿಂಟು ಆ ಎಳೆದಾಟಕ್ಕೆ ಸಿಕ್ಕು ಸಡಿಲಾಗುತ್ತದೆ. ತೆಗ್ಗಿನ ತಳಕ್ಕೆ ಉಸುಕೋ ಸಣ್ಣ ಗರಸೋ ಹಾಸಿ, ಪೈಪಿನ ಸುತ್ತಲೂ ಅದನ್ನೇ ತುಂಬಿದರೆ ಪೈಪು ಉಳಿಯುತ್ತದೆ. ಎಸ್ಟಿಮೇಟಿನಲ್ಲಿ ಈ ಗರಸಿಗೆ ಒಂದು ಸಾಲು ಇರಲಿ. ಬಿಸಿನೀರಿನ ಲೈನಿಗೆ ಸಿಪಿವಿಸಿ ಪೈಪೇ ಬೇಕು. ಅದು 93 ಡಿಗ್ರಿಯವರೆಗಿನ ನೀರಿಗೆ ಆದದ್ದು. ಯುಪಿವಿಸಿ ಆ ಬಿಸಿಗೆ ಮೆತ್ತಗಾಗುತ್ತದೆ. ಎರಡಕ್ಕೂ ಸೊಲ್ಯೂಷನ್ ಬೇರೆ ಬೇರೆ. ಸಿಪಿವಿಸಿ ಜಾಯಿಂಟಿಗೆ ಪಿವಿಸಿಯ ಸೊಲ್ಯೂಷನ್ ಹಚ್ಚಿ ಉಳಿಸಿದ ಐವತ್ತು ರೂಪಾಯಿ, ಎರಡು ವರ್ಷದ ಮೇಲೆ ಸೋಲಾರ್ ಲೈನಿನ ಸೋರಿಕೆಯಾಗಿ ಬರುತ್ತದೆ.

ಗಿಲಾವಿಗೆ ಮುಂಚೆ ಒತ್ತಡದ ಪರೀಕ್ಷೆ ಮಾಡುವವರು ನಮ್ಮಲ್ಲಿ ಕಡಿಮೆ. ಲೈನಿನ ಬಾಯಿಗಳನ್ನೆಲ್ಲ ಮುಚ್ಚಿ, ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಿ, ಮೀಟರಿನ ಮುಳ್ಳು ಇಳಿಯುತ್ತದೋ ನೋಡುವುದು. ಬಳಕೆಯಲ್ಲಿ ಬೀಳುವ ಒತ್ತಡದ ಒಂದೂವರೆ ಪಟ್ಟು ಏರಿಸುವುದು ರೂಢಿಯ ಅಳತೆ. ಹತ್ತು ಮೀಟರ್ ಎತ್ತರದ ಟಾಕಿ ಕೆಳಗಿನ ನಳದ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಹಾಕುತ್ತದೆ; ಬೂಸ್ಟರ್ ಪಂಪು ಕೂಡಿಸುವ ಮನೆಯಲ್ಲಿ ಅದು ಇನ್ನೂ ಹೆಚ್ಚು. ಮನೆಯವರನ್ನು ನಿಲ್ಲಿಸಿ ಮುಳ್ಳು ತೋರಿಸಿ, ಗೋಡೆಯ ಮೇಲಿನ ಪೈಪಿನ ಫೋಟೊ ತೆಗೆದು ಅವರ ಮೊಬೈಲಿಗೆ ಕಳಿಸಿದರೆ ಎರಡು ಲಾಭ. ಮುಂದೆ ಬೇರೆಯವನು ಗೋಡೆಗೆ ಡ್ರಿಲ್ ಹೊಡೆದು ಪೈಪು ಒಡೆದರೆ ಹೊಣೆ ನಿಮ್ಮ ಮೇಲೆ ಬರುವುದಿಲ್ಲ. ಎರಡನೆಯ ಕಂತನ್ನು ಅದೇ ದಿನ ಅಲ್ಲಿಯೇ ಕೇಳಬಹುದು.

ಹೊಸ ಮನೆಯ ಕೆಲಸ ಹಂಗಾಮಿನದು. ಆಷಾಢ, ಪಿತೃಪಕ್ಷ, ಮಳೆಗಾಲದ ತಿಂಗಳುಗಳಲ್ಲಿ ಕೈ ಖಾಲಿ. ಆ ತಿಂಗಳುಗಳನ್ನು ತುಂಬುವುದು ನಿರ್ವಹಣೆಯ ಕೆಲಸ. ಇದರ ಲಾಭ ನನಗೆ ಹೊಸ ಮನೆಯದಕ್ಕಿಂತ ಮೇಲೆ ಕಾಣುತ್ತದೆ, ಏಕೆಂದರೆ ಇದರಲ್ಲಿ ಮಾಲು ಕಡಿಮೆ, ಕೂಲಿ ಹೆಚ್ಚು, ಉದ್ರಿ ಇಲ್ಲವೇ ಇಲ್ಲ ಎನ್ನುವಷ್ಟು. ಅಥಣಿಯ ಪೂರ್ವದ ಗಡಸು ಬೋರ್ ನೀರು ಸೋಲಾರ್ ಹೀಟರಿನ ಕೊಳವೆಗಳಲ್ಲಿ, ಗೀಸರಿನಲ್ಲಿ ಬಿಳಿ ಪದರು ಕಟ್ಟುತ್ತದೆ. ವರ್ಷಕ್ಕೊಮ್ಮೆ ಅದನ್ನು ಕಳಚಿ ತೊಳೆಯಬೇಕು. ನದಿ ತೀರದ ಊರುಗಳಲ್ಲಿ ಮಹಾಪೂರ ಇಳಿದ ಮೇಲೆ ಸಂಪಿನ ಹೂಳು ತೆಗೆಯುವುದು, ಲೈನು ತೊಳೆಯುವುದು, ಟಾಕಿಗೆ ಕ್ಲೋರಿನ್ ಹಾಕುವುದು. ಮಳೆಗಾಲಕ್ಕೆ ಮುಂಚೆ ದಂಡೆಯ ಮೋಟರು ಮೇಲಕ್ಕೆ ಎತ್ತುವುದು, ನೀರು ಇಳಿದ ಮೇಲೆ ಮತ್ತೆ ಕೂಡಿಸುವುದು. ನಿಪ್ಪಾಣಿಯಲ್ಲಿ ತಂಬಾಕಿನ ವಹಿವಾಟಿನ ಕಾಲದ ಹಳೆಯ ಮನೆಗಳಲ್ಲಿ ತುಕ್ಕು ಹಿಡಿದ ಜಿಐ ಪೈಪು ಬದಲಿಸುವುದು. ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಬರುವ ಅಪಾರ ಜನಕ್ಕೆ ತಾತ್ಕಾಲಿಕ ನಳದ ಸಾಲು ಬೇಕು. ಮಂಗಲ ಕಾರ್ಯಾಲಯ, ಹಾಸ್ಟೆಲು, ಲಾಡ್ಜು, ಆಸ್ಪತ್ರೆಗಳಿಗೆ ವರ್ಷದ ಕರಾರು ಮಾಡಿಕೊಡಬಹುದು: ವರ್ಷಕ್ಕೆ ಇಷ್ಟು ಭೇಟಿ, ಇಷ್ಟು ಟಾಕಿ ತೊಳೆಯುವುದು, ತಿಂಗಳಿಗೆ ಇಷ್ಟು ರೂಪಾಯಿ. ನಿಪ್ಪಾಣಿ, ಕಾಗವಾಡ ತಾಲೂಕು ಕೇಂದ್ರಗಳಾದ ಮೇಲೆ ಅಲ್ಲಿ ಇಂಥ ಕಟ್ಟಡಗಳು ಹೆಚ್ಚುತ್ತಿವೆ. ಹತ್ತು ಕರಾರು ಕೈಯಲ್ಲಿದ್ದವನ ಹೆಲ್ಪರ್‌ನ ಪಗಾರ ಆಷಾಢದಲ್ಲಿಯೂ ಹುಟ್ಟುತ್ತದೆ.

ಹಂಗಾಮಿನ ರೊಕ್ಕವನ್ನು ಹಂಗಾಮಿನಲ್ಲಿಯೇ ಎತ್ತಿಡುವ ಉಪಾಯವೂ ಊರಿನಲ್ಲಿಯೇ ಇದೆ. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು ಶುರು ಮಾಡಿದ ಪಿಗ್ಮಿ ಠೇವಣಿ ಇಂದು ನಮ್ಮ ಪತ್ತಿನ ಸಂಘಗಳ ಜೀವಾಳ. ಸವಕಳಿಯ ಎರಡು ಸಾವಿರ, ದುರಸ್ತಿಯ ಎರಡು ಸಾವಿರ ಮನೆಖರ್ಚಿನ ಜೇಬಿನಲ್ಲಿ ಬೆರೆಯದಂತೆ ದಿನಾ 160 ರೂಪಾಯಿ ಪಿಗ್ಮಿಗೆ ಹೋದರೆ, ಡ್ರಿಲ್ ಸುಟ್ಟ ದಿನ ಸಾಲ ಕೇಳಬೇಕಿಲ್ಲ. ವಹಿ ಬರೆಯುವ ಕೆಲಸವನ್ನು ಮನೆಯ ಹೆಣ್ಣುಮಗಳಿಗೆ ಒಪ್ಪಿಸಿ ಅದಕ್ಕೂ ತಿಂಗಳ ಪಗಾರ ಎತ್ತಿಡುವುದು ಒಳ್ಳೆಯದು. ಬಾಕಿ ಕೇಳುವ ಫೋನನ್ನೂ ಅವರೇ ಮಾಡಲಿ. ನೆಲದ ಮೇಲೆ ಕೂತು ಪೈಪು ಕೊಯ್ಯುತ್ತಿರುವವನು ಮಾಡುವುದಕ್ಕಿಂತ ಅದು ನೆಟ್ಟಗೆ ನಡೆಯುತ್ತದೆ.

ಗಡಿ ದಾಟುವ ಕೆಲಸದ ತೆರಿಗೆ ಬಗ್ಗೆ ಎರಡೇ ಮಾತು. ವರ್ಷದ ಸೇವಾ ವಹಿವಾಟು 20 ಲಕ್ಷ ದಾಟದವನಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನಿಪ್ಪಾಣಿಯವನು ಗಡಿಯಾಚೆಯ ಕಾಗಲ್‌ಗೆ ಹೋಗಿ ಪ್ಲಂಬಿಂಗ್ ಮಾಡಿಕೊಟ್ಟರೂ ಸೇವೆಯ ಮಟ್ಟಿಗೆ ಈ ವಿನಾಯಿತಿ ಇದೆ. ಬರಿ ಮಾಲನ್ನು ಮಾರಿ ಗಡಿ ದಾಟಿಸಿದರೆ ಮಾತ್ರ ಮಿತಿ ನೋಡದೆ ನೋಂದಣಿ ಬೇಕು. 50 ಲಕ್ಷದವರೆಗಿನವರಿಗೆ ನೂರಕ್ಕೆ 6ರ ಕಾಂಪೋಸಿಷನ್ ಸೌಲಭ್ಯ ಇದೆ. ಅದನ್ನು ಹಿಡಿದವನು ಗಡಿಯಾಚೆ ಕೆಲಸ ಮಾಡುವಂತಿಲ್ಲ. ಸೀಮೆಯ ಎರಡೂ ಬದಿಗೆ ಗಿರಾಕಿ ಇರುವವರು ಇದನ್ನು ತಿಳಿದೇ ಆಯ್ದುಕೊಳ್ಳಬೇಕು.

ಹೆಲ್ಪರ್‌ನ ಮಾತು ಉಳಿಯಿತು. ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಪಟ್ಟಾಮುಂಡೈ ಕಡೆಯ ಜನ ತಲೆಮಾರುಗಳಿಂದ ಪ್ಲಂಬಿಂಗ್ ಕಲಿತು ದೇಶದ ದೊಡ್ಡ ಶಹರಗಳಿಗೆಲ್ಲ ಹರಡಿದ್ದಾರೆ; ಅಲ್ಲಿಯ ಸರ್ಕಾರ ಪ್ಲಂಬಿಂಗ್‌ಗಾಗಿಯೇ ಒಂದು ತರಬೇತಿ ಸಂಸ್ಥೆ ನಡೆಸುತ್ತದೆ. ಮನೆಯ ಹಿರಿಯನ ಕೈಕೆಳಗೆ ಕಿರಿಯ ಕಲಿತು, ಮುಂದೆ ತಾನೇ ಗುತ್ತಿಗೆ ಹಿಡಿಯುವ ಸರಪಳಿ ಅವರದು. ನಮ್ಮ ಕಡೆ ಹೆಲ್ಪರ್ ಎರಡು ವರ್ಷಕ್ಕೆ ಬಿಟ್ಟುಹೋಗಿ ಅದೇ ಓಣಿಯಲ್ಲಿ ನೂರು ರೂಪಾಯಿ ಕಡಿಮೆಗೆ ಕೆಲಸ ಹಿಡಿಯುತ್ತಾನೆ, ಏಕೆಂದರೆ ಅವನಿಗೆ ಪೈಪು ಕೂಡಿಸುವುದನ್ನು ಕಲಿಸಿದ್ದೇವೆ, ತಾಸಿನ ಲೆಕ್ಕ ಕಲಿಸಿಲ್ಲ. ಲೆಕ್ಕ ತಿಳಿದ ಹುಡುಗ ದರ ಮುರಿಯುವುದಿಲ್ಲ. ಐಟಿಐಯಲ್ಲಿ ಪ್ಲಂಬರ್ ಕೋರ್ಸು ಒಂದೇ ವರ್ಷದ್ದು. ಕಲಿಯುವ ಆಸೆಯಿರುವವನನ್ನು ಕಳಿಸಿಕೊಟ್ಟರೆ ಮರಳಿ ಬರುವಾಗ ಡ್ರಾಯಿಂಗ್ ಓದುವುದು ಕಲಿತಿರುತ್ತಾನೆ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಪ್ಲಂಬರ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಹೆಲ್ಪರ್‌ನ ಕಾರ್ಡನ್ನು ಧಣಿಯೇ ನಿಂತು ಮಾಡಿಸಿಕೊಟ್ಟರೆ ಅವನು ನಿಲ್ಲುವ ಕಾರಣಗಳಲ್ಲಿ ಅದೂ ಒಂದಾಗುತ್ತದೆ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೌಂಡಿ ಇದ್ದಾನೆ, ಬಡಿಗ ಇದ್ದಾನೆ, ಪ್ಲಂಬರ್ ಇಲ್ಲ. ಮನೆಮನೆಗೆ ನಳ ಕೂಡಿಸುವ ಯೋಜನೆ ನಡೆಯುತ್ತಿರುವಾಗ ಆ ಪಟ್ಟಿಗೆ ಈ ಹೆಸರು ಸೇರಿಸಿ ಎಂದು ನಮ್ಮ ಶಾಸಕರು, ಸಂಸದರು ಕೇಳಬೇಕು.

ಈ ದೀಪಾವಳಿಗೆ ಮುಂಚೆ ಪ್ರತಿಯೊಬ್ಬ ಮಿಸ್ತ್ರಿ ತನ್ನ ದರಪಟ್ಟಿಯನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಲಿ. ಎಲ್ಲರದೂ ಒಂದೇ ದರ ಇರಬೇಕಿಲ್ಲ, ಬರೆದ ದರ ಇರಬೇಕು. ಗಡಿಭಾಗದಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ ಇದ್ದರೆ ಅನುಕೂಲ. ಭೇಟಿ ಶುಲ್ಕ, ತಾಸಿನ ಮಜೂರಿ, ಬಾತ್‌ರೂಮಿನ ಮಜೂರಿ, ಒತ್ತಡದ ಪರೀಕ್ಷೆ, ಟಾಕಿ ತೊಳೆಯುವುದು, ಸೋಲಾರ್ ತೊಳೆಯುವುದು, ನಾಲ್ಕು ಕಂತಿನ ವಿವರ, ದರ ಎಷ್ಟು ದಿನ ಚಾಲ್ತಿಯಲ್ಲಿರುತ್ತದೆ ಎಂಬ ತಾರೀಖು. ಪೈಪಿನ ದರ ಏರಿದರೆ ವ್ಯತ್ಯಾಸ ಮನೆಯವರದು ಎಂಬ ಸಾಲನ್ನು ಆ ತಾರೀಖಿನ ಕೆಳಗೇ ಸೇರಿಸಿ, ಕೆಲಸ ಒಪ್ಪಿಕೊಳ್ಳುವ ದಿನ ಹಾಳೆಯ ಮೇಲೆ ಇಬ್ಬರೂ ಸಹಿ ಮಾಡಲಿ.